ಮಂಜುಗಡ್ಡೆಯ ಹಿಡಿತವನ್ನು ಅಳೆಯುವುದು ಹೇಗೆ?

ಬೇಸಗೆಯ ಮಧ್ಯಾಹ್ನ ಐಸ್‌ಕ್ಯಾಂಡಿ ತಯಾರಿಸುವ ಅಂಗಡಿಯ ಮುಂದೆ ನಿಂತು ನೋಡಿದವರಿಗೆ ಒಂದು ಸಂಗತಿ ಪರಿಚಿತವಾಗಿರುತ್ತದೆ. ಲೋಹದ ಅಚ್ಚಿನಲ್ಲಿ ಗಟ್ಟಿಯಾದ ಕ್ಯಾಂಡಿಯನ್ನು ಅಂಗಡಿಯವನು ಒಡನೆಯೇ ಎಳೆಯುವುದಿಲ್ಲ. ಅಚ್ಚನ್ನು ಒಂದು ಕ್ಷಣ ನೀರಿನಲ್ಲಿ ಅದ್ದಿ, ಆಮೇಲೆ ಕಡ್ಡಿಯನ್ನು ಹಿಡಿದೆತ್ತುತ್ತಾನೆ. ಆಗ ಕ್ಯಾಂಡಿ ಸಲೀಸಾಗಿ ಹೊರಬರುತ್ತದೆ. ಅದ್ದದೆ ಬಲವಾಗಿ ಎಳೆದರೆ ಕಡ್ಡಿ ಮಾತ್ರ ಕೈಗೆ ಬಂದು, ಕ್ಯಾಂಡಿ ಅಚ್ಚಿನಲ್ಲಿಯೇ ಉಳಿಯುವುದುಂಟು. ಅಂದರೆ ಮಂಜುಗಡ್ಡೆಯು ಲೋಹವನ್ನು ಹಿಡಿದಿರುವ ಹಿಡಿತ ಸಾಮಾನ್ಯವಾದುದಲ್ಲ.

ನಮ್ಮ ನಾಡಿನಲ್ಲಿ ಈ ಹಿಡಿತದಿಂದ ಆಗುವ ತೊಂದರೆ ಅಷ್ಟಕ್ಕೆ ಮುಗಿಯುತ್ತದೆ. ಶೀತದೇಶಗಳಲ್ಲಿ ಹಾಗಲ್ಲ. 1982ನೆಯ ಇಸವಿ ಜನವರಿ 13ರಂದು ಅಮೆರಿಕದ ವಾಷಿಂಗ್‌ಟನ್ ನಗರದಲ್ಲಿ ಹಿಮ ಬೀಳುತ್ತಿದ್ದಾಗ ಮೇಲೇರಿದ ಏರ್ ಫ್ಲಾರಿಡಾ ಸಂಸ್ಥೆಯ ವಿಮಾನವೊಂದು ಸೇತುವೆಗೆ ಬಡಿದು ಪೊಟೋಮ್ಯಾಕ್ ನದಿಗೆ ಬಿದ್ದಿತು. ಸೇತುವೆಯ ಮೇಲಿದ್ದವರೂ ಸೇರಿ 78 ಮಂದಿ ಮಡಿದರು. ರೆಕ್ಕೆಗಳ ಮೇಲೆ ಹಿಮವೂ ಮಂಜುಗಡ್ಡೆಯೂ ಅಂಟಿಕೊಂಡಿರುವಾಗಲೇ ವಿಮಾನವನ್ನು ಮೇಲೇರಿಸಿದ್ದು ಈ ದುರಂತದ ಕಾರಣಗಳಲ್ಲಿ ಒಂದೆಂದು ತನಿಖೆಯಿಂದ ತಿಳಿದುಬಂತು. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಹಲವು ದಿನ ಸುರಿದ ಮಳೆ ವಿದ್ಯುತ್ ತಂತಿಗಳ ಮೇಲೆ ಬಿದ್ದೊಡನೆ ಹೆಪ್ಪುಗಟ್ಟಿತು. ಆ ಭಾರವನ್ನು ತಾಳಲಾರದೆ ಉಕ್ಕಿನ ಗೋಪುರಗಳು ಸಾಲುಸಾಲಾಗಿ ಕುಸಿದುವು. ಕೊರೆಯುವ ಚಳಿಯಲ್ಲಿ ಲಕ್ಷಗಟ್ಟಲೆ ಮನೆಗಳು ಬೆಳಕೂ ಶಾಖವೂ ಇಲ್ಲದೆ ಉಳಿದುವು.

ಆದುದರಿಂದ ಮಂಜುಗಡ್ಡೆ ಸುಲಭವಾಗಿ ಬಿಟ್ಟುಹೋಗುವಂಥ ಲೇಪವೊಂದನ್ನು ಲೋಹಕ್ಕೆ ಬಳಿಯಬಾರದೇಕೆ ಎಂಬ ಆಲೋಚನೆ ಹುಟ್ಟುವುದು ಸಹಜ. ಆದರೆ ಒಂದು ಲೇಪ ಇನ್ನೊಂದಕ್ಕಿಂತ ಮೇಲೆಂದು ಹೇಳಬೇಕಾದರೆ ಅಂಟಿನ ಬಲವನ್ನು ಅಳೆಯಬೇಕು. ಈ ಅಳತೆ ಮೇಲುನೋಟಕ್ಕೆ ಸುಲಭವೆನಿಸಿದರೂ ವಾಸ್ತವದಲ್ಲಿ ಬಹಳ ತೊಡಕಿನದು. ಆ ತೊಡಕು ಏನೆಂಬುದನ್ನು ತಿಳಿಯುವುದೇ ಈ ಲೇಖನದ ಉದ್ದೇಶ.

ಅಂಟುಬಲ ಎಂದರೇನು?

ಮಂಜುಗಡ್ಡೆಯ ತುಂಡೊಂದು ಲೋಹದ ಹಲಗೆಗೆ ಅಂಟಿದೆ ಎಂದಿಟ್ಟುಕೊಳ್ಳೋಣ. ಅದನ್ನು ಹಲಗೆಗೆ ಸಮಾಂತರವಾಗಿ ತಳ್ಳುತ್ತ ಬಲವನ್ನು ಕ್ರಮೇಣ ಹೆಚ್ಚಿಸುತ್ತ ಹೋದರೆ ಯಾವುದೋ ಒಂದು ಬಲಕ್ಕೆ ಅದು ಬಿಟ್ಟುಕೊಳ್ಳುತ್ತದೆ. ಆ ಬಲವನ್ನು ಅಂಟಿದ ಜಾಗದ ಕ್ಷೇತ್ರಫಲದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಅಂಟುಬಲ. ಒಂದು ಚದರ ಮೀಟರಿಗೆ ಒಂದು ನ್ಯೂಟನ್ ಬಲವಿದ್ದರೆ ಅದು ಒಂದು ಪಾಸ್ಕಲ್. ಅಂಥ ಸಾವಿರ ಸೇರಿದರೆ ಒಂದು ಕಿಲೋಪಾಸ್ಕಲ್.

ಶೂನ್ಯಕ್ಕಿಂತ 10 ಡಿಗ್ರಿ ಸೆಲ್ಸಿಯಸ್ ಕೆಳಗೆ, ಬರಿಯ ಉಕ್ಕಿನ ಮೇಲೆ ಮಂಜುಗಡ್ಡೆಯ ಅಂಟುಬಲ ಸುಮಾರು 700 ಕಿಲೋಪಾಸ್ಕಲ್ ಎಂದು ಒಂದು ಪ್ರಯೋಗ ತೋರಿಸಿದೆ. ಒಂದು ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಇದು 70 ನ್ಯೂಟನ್, ಅಂದರೆ ಸುಮಾರು 7 ಕಿಲೋಗ್ರಾಂ ತೂಕದಷ್ಟು ಬಲ. ನಮ್ಮ ಉಗುರಿನಷ್ಟಗಲದ ಮಂಜುಗಡ್ಡೆಯನ್ನು ಜಾರಿಸಲು ತುಂಬಿದ ನೀರಿನ ಕೊಡವೊಂದನ್ನು ಎತ್ತುವಷ್ಟು ಶಕ್ತಿ ಬೇಕಾಗುತ್ತದೆ.

ಇದನ್ನು ಮಂಜುಗಡ್ಡೆಯ ಸ್ವಂತ ತೂಕದೊಡನೆ ಹೋಲಿಸಿ ನೋಡೋಣ. ನೆಟ್ಟಗೆ ನಿಲ್ಲಿಸಿದ ಹಲಗೆಯ ಮೇಲೆ 1 ಸೆಂಟಿಮೀಟರ್ ದಪ್ಪದ ಪದರವಿದ್ದರೆ ಒಂದು ಚದರ ಸೆಂಟಿಮೀಟರಿನಲ್ಲಿ ಇರುವ ಮಂಜುಗಡ್ಡೆ 0.9 ಗ್ರಾಂ ಮಾತ್ರ. ಅದರ ತೂಕ ಕೆಳಕ್ಕೆಳೆಯುವ ಬಲ ಸುಮಾರು 90 ಪಾಸ್ಕಲ್. ಹಿಡಿತವಾದರೋ 7,00,000 ಪಾಸ್ಕಲ್. ಎಂದರೆ ಪದರವನ್ನು ಹಿಡಿದಿರುವ ಬಲವು ಅದನ್ನು ಬೀಳಿಸಬೇಕಾದ ಭಾರದ ಏಳು ಸಾವಿರ ಮಡಿಗಿಂತಲೂ ಹೆಚ್ಚು. ವಿಮಾನದ ರೆಕ್ಕೆಯಿಂದ ಮಂಜುಗಡ್ಡೆ ತಾನಾಗಿ ಉದುರೀತೆಂದು ಏಕೆ ನಂಬಿ ಕೂರಲಾಗದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಷ್ಟು ಬಲವಾದ ಹಿಡಿತಕ್ಕೆ ಕಾರಣವೇನು? ಮಂಜುಗಡ್ಡೆ ಮೊದಲು ನೀರಾಗಿರುತ್ತದೆ ಎಂಬುದನ್ನು ಮರೆಯಬಾರದು. ನಮ್ಮ ಕಣ್ಣಿಗೆ ನುಣುಪಾಗಿ ಕಾಣುವ ಲೋಹದ ಮೇಲ್ಮೈಯಲ್ಲಿಯೂ ಸೂಕ್ಷ್ಮವಾದ ತಗ್ಗುದಿಣ್ಣೆಗಳಿವೆ. ನೀರು ಅವುಗಳೊಳಕ್ಕೆ ಹರಿದು, ಲೋಹದ ಅಣುಗಳನ್ನು ತೀರ ಸಮೀಪದಿಂದ ಮುಟ್ಟಿ, ಆಮೇಲೆ ಗಟ್ಟಿಯಾಗುತ್ತದೆ. ಎರಡು ಗಟ್ಟಿ ವಸ್ತುಗಳನ್ನು ಒತ್ತಿ ಹಿಡಿದಾಗ ಅವು ಅಲ್ಲಲ್ಲಿ ಮಾತ್ರ ಪರಸ್ಪರ ಮುಟ್ಟುತ್ತವೆ. ನೀರು ಹೆಪ್ಪುಗಟ್ಟಿದಾಗ ಸ್ಪರ್ಶ ಬಹುಮಟ್ಟಿಗೆ ಪೂರ್ಣವಾಗಿರುತ್ತದೆ. ಗೋಂದು ಅಂಟಿಸುವ ಬಗೆಯೂ ಇದೇ ಅಲ್ಲವೆ?

ಅಳೆಯುವ ಮೂರು ಬಗೆಗಳು

ಮೊದಲನೆಯ ಬಗೆ ಎಳೆಯುವುದು. ಎರಡು ಲೋಹದ ಬಿಲ್ಲೆಗಳ ನಡುವೆ ನೀರನ್ನು ಹೆಪ್ಪುಗಟ್ಟಿಸಿ, ಅವನ್ನು ಎದುರುಬದುರಾಗಿ ಎಳೆಯುತ್ತಾರೆ.

ಎರಡನೆಯದು ತಳ್ಳುವುದು. ತಳವಿಲ್ಲದ ಸಣ್ಣ ಅಚ್ಚೊಂದನ್ನು ಹಲಗೆಯ ಮೇಲೆ ನಿಲ್ಲಿಸಿ, ಅದರಲ್ಲಿ ನೀರು ತುಂಬಿ ಹೆಪ್ಪುಗಟ್ಟಿಸಿ, ಬಲಮಾಪಕಕ್ಕೆ ಸೇರಿಸಿದ ಸಲಾಕೆಯಿಂದ ಪಕ್ಕದಿಂದ ತಳ್ಳುತ್ತಾರೆ. ಸಲಾಕೆ ಬುಡಕ್ಕೆ ಆದಷ್ಟು ಸಮೀಪದಲ್ಲಿ ತಾಗಬೇಕು. ಮೇಲ್ತುದಿಯಲ್ಲಿ ತಳ್ಳಿದರೆ ಕಂಬವನ್ನು ಉರುಳಿಸಿದಂತಾಗಿ ಹಿಂಬದಿಯ ಅಂಚು ಮೇಲಕ್ಕೇಳುತ್ತದೆ. ಆಗ ನಾವು ಅಳೆಯುವುದು ಜಾರಿಸುವ ಬಲವನ್ನಲ್ಲ, ಕೀಳುವ ಬಲವನ್ನು.

ಮೂರನೆಯದು ತಿರುಗಿಸುವುದು. ಕ್ವಿಬೆಕ್ ಪ್ರಾಂತದ ಷಿಕೂಟಿಮಿ ಎಂಬಲ್ಲಿನ ವಿಶ್ವವಿದ್ಯಾನಿಲಯದ ಮಂಜುಗಡ್ಡೆ ಪ್ರಯೋಗಾಲಯ ಈ ವಿಧಾನಕ್ಕೆ ಹೆಸರಾದುದು. ಲೋಹದ ಪಟ್ಟಿಯೊಂದರ ತುದಿಯಲ್ಲಿ ಮಂಜುಗಡ್ಡೆಯನ್ನು ಬೆಳೆಸಿ, ಶೀತಲವಾದ ಕೋಶದೊಳಗೆ ಅದನ್ನು ವೇಗವನ್ನು ಏರಿಸುತ್ತ ಗರಗರನೆ ತಿರುಗಿಸುತ್ತಾರೆ. ಒಂದು ವೇಗದಲ್ಲಿ ಮಂಜುಗಡ್ಡೆ ಕಿತ್ತು ಹಾರಿ ಕೋಶದ ಗೋಡೆಗೆ ಬಡಿಯುತ್ತದೆ. ಆ ಬಡಿತವನ್ನು ಉಪಕರಣವು ಗುರುತಿಸುತ್ತದೆ. ದ್ರವ್ಯರಾಶಿಯನ್ನು ತ್ರಿಜ್ಯದಿಂದಲೂ ಕೋನವೇಗದ ವರ್ಗದಿಂದಲೂ ಗುಣಿಸಿದರೆ ಕೇಂದ್ರಾಪಗಾಮಿ ಬಲ ದೊರೆಯುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಉದಾಹರಣೆಗೆ, 10 ಚದರ ಸೆಂಟಿಮೀಟರ್ ಅಗಲದ 6 ಗ್ರಾಂ ಮಂಜುಗಡ್ಡೆ ಅಕ್ಷದಿಂದ 20 ಸೆಂಟಿಮೀಟರ್ ದೂರದಲ್ಲಿದೆ ಎನ್ನೋಣ. ಅಂಟುಬಲ 500 ಕಿಲೋಪಾಸ್ಕಲ್ ಆದರೆ 500 ನ್ಯೂಟನ್ ಬಲ ಬೇಕು. ಲೆಕ್ಕಮಾಡಿದರೆ ಪಟ್ಟಿ ನಿಮಿಷಕ್ಕೆ ಸುಮಾರು 6,200 ಸುತ್ತು ತಿರುಗಬೇಕಾಗುತ್ತದೆ. ಹೊರಗಿನಿಂದ ಯಾವ ಸಲಾಕೆಯೂ ತಾಗುವುದಿಲ್ಲವೆಂಬುದು ಈ ವಿಧಾನದ ಗುಣ.

ಮುರಿದದ್ದು ಯಾವುದು?

ಇಲ್ಲಿಂದ ಮುಂದೆ ನಿಜವಾದ ತೊಡಕು ಆರಂಭವಾಗುತ್ತದೆ. ಕ್ಯಾಂಡಿಯ ಕಡ್ಡಿಯನ್ನು ನೆನೆಯಿರಿ. ಕಡ್ಡಿ ಕಿತ್ತು ಬಂದಾಗ ನಾವು ಹಾಕಿದ ಬಲವು ಕ್ಯಾಂಡಿಗೂ ಅಚ್ಚಿಗೂ ಇರುವ ಅಂಟನ್ನು ತಿಳಿಸುವುದಿಲ್ಲ. ಆ ಅಂಟು ಇದಕ್ಕಿಂತ ಹೆಚ್ಚೆಂದು ಮಾತ್ರ ತಿಳಿಸುತ್ತದೆ. ಹಾಗೆಯೇ, ಪ್ರಯೋಗದಲ್ಲಿ ಮಂಜುಗಡ್ಡೆ ಹಲಗೆಯಿಂದ ಬಿಡದೆ ತನ್ನೊಳಗೇ ಬಿರಿದು, ತೆಳುವಾದ ಪೊರೆಯೊಂದನ್ನು ಹಲಗೆಯ ಮೇಲೆ ಬಿಟ್ಟುಹೋದರೆ, ನಾವು ಅಳೆದದ್ದು ಮಂಜುಗಡ್ಡೆಯ ಸ್ವಂತ ಗಟ್ಟಿತನವನ್ನೇ ಹೊರತು ಅದರ ಅಂಟನ್ನಲ್ಲ.

1950ರ ದಶಕದ ಕೊನೆಯಲ್ಲಿ ಈ ವಿಷಯವನ್ನು ಇಬ್ಬೆಡೆ ಗಂಭೀರವಾಗಿ ಪರೀಕ್ಷಿಸಲಾಯಿತು. ಅಮೆರಿಕದಲ್ಲಿ ಜೆಲಿನೆಕ್ ಎಂಬ ವಿಜ್ಞಾನಿ ತುಕ್ಕುಹಿಡಿಯದ ಉಕ್ಕಿನ ನಡುವೆ ಮಂಜುಗಡ್ಡೆಯನ್ನಿಟ್ಟು ಪ್ರಯೋಗ ನಡೆಸಿದನು. ನೇರವಾಗಿ ಎಳೆದಾಗ ಮಂಜುಗಡ್ಡೆಯೇ ಮುರಿಯಿತು. ಜಾರಿಸಿದಾಗ ಅದು ಲೋಹದಿಂದ ಬಿಟ್ಟುಕೊಂಡಿತು. ಉಷ್ಣತೆ ಇಳಿದಂತೆ ಜಾರಿಸಲು ಬೇಕಾದ ಬಲ ಸರಳರೇಖೆಯಂತೆ ಏರುತ್ತ ಹೋಗಿ, ಶೂನ್ಯಕ್ಕಿಂತ ಸುಮಾರು 13 ಡಿಗ್ರಿ ಕೆಳಗೆ ಮಂಜುಗಡ್ಡೆಯೇ ಮುರಿಯತೊಡಗಿತು. ಮಂಜುಗಡ್ಡೆಗೂ ಲೋಹಕ್ಕೂ ನಡುವೆ ದ್ರವದಂತೆ ವರ್ತಿಸುವ ಅತಿ ತೆಳುವಾದ ಪದರವಿದೆ ಎಂಬುದು ಆತನ ವಿವರಣೆ. ಮಂಜುಗಡ್ಡೆಯ ಮೇಲ್ಮೈಯಲ್ಲಿ ದ್ರವದ ಪೊರೆಯಿರುವುದೆಂದು ಮೈಕೇಲ್ ಫ್ಯಾರಡೆ 1850ರಲ್ಲಿಯೇ ಸೂಚಿಸಿದ್ದನು.

ಅದೇ ಕಾಲದಲ್ಲಿ, 1958ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರಾರಟಿ ಮತ್ತು ಟೇಬರ್ ಎಂಬವರು ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಲೋಹ ನಿಜವಾಗಿ ಶುದ್ಧವಾಗಿದ್ದರೆ ಅಂಟು ಮಂಜುಗಡ್ಡೆಯ ಗಟ್ಟಿತನವನ್ನು ಮೀರುತ್ತದೆ, ಮುರಿಯುವುದು ಮಂಜುಗಡ್ಡೆಯೇ ಎಂದು ಅವರು ಕಂಡರು. ಜಾರಿಸುವ ಬಲ ಉಷ್ಣತೆ ಇಳಿದಂತೆ ಏರುವುದನ್ನು ಅವರೂ ನೋಡಿದರು. ಆದರೆ ಅವರ ಮತದಲ್ಲಿ ಅದಕ್ಕೆ ಕಾರಣ ಮಂಜುಗಡ್ಡೆಯೇ ಮೆಲ್ಲಗೆ ಬಾಗಿ ಹರಿಯುವುದು. ಲೋಹದ ಮೇಲೆ ಜಿಡ್ಡಿನ ಅಂಶವಿದ್ದಲ್ಲಿ ಹಿಡಿತ ಕಡಿಮೆಯಾಗುವುದನ್ನೂ ಅವರು ತೋರಿಸಿದರು.

ಇಬ್ಬರೂ ಎಚ್ಚರದಿಂದ ದುಡಿದವರು. ಇಬ್ಬರ ಅಳತೆಯೂ ಒಂದೇ ದಿಕ್ಕಿನಲ್ಲಿ ಸಾಗುತ್ತದೆ. ಆದರೂ ಮುರಿದದ್ದು ಯಾವುದು ಎಂಬಲ್ಲಿ ಅವರ ತೀರ್ಮಾನ ಬೇರೆಬೇರೆ. ಬಲಮಾಪಕದ ಮುಳ್ಳನ್ನು ಓದುವುದರಿಂದ ಮಾತ್ರ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಪ್ರಯೋಗವಾದ ಮೇಲೆ ಹಲಗೆಯನ್ನು ಭೂತಗನ್ನಡಿಯಿಂದ ನೋಡಿ, ಮಂಜುಗಡ್ಡೆಯ ಪೊರೆ ಉಳಿದಿದೆಯೇ ಇಲ್ಲವೇ ಎಂದು ಪರೀಕ್ಷಿಸುವುದು ಅಳತೆಯ ಒಂದು ಭಾಗವೇ ಆಗಿದೆ.

ಲೇಪಗಳ ಸಂಗತಿ

ನೀರು ಹರಡಿಕೊಳ್ಳದ ಮೇಲ್ಮೈಗೆ ಮಂಜುಗಡ್ಡೆಯೂ ಬಲವಾಗಿ ಅಂಟಲಾರದು ಎಂದು ಊಹಿಸಬಹುದು. ಹನಿಯ ಅಂಚು ಮೇಲ್ಮೈಯೊಡನೆ ಮಾಡುವ ಕೋನಕ್ಕೆ ಸ್ಪರ್ಶಕೋನವೆಂದು ಹೆಸರು. ನೀರನ್ನು ಮೇಲ್ಮೈಯಿಂದ ಬೇರ್ಪಡಿಸಲು ಮಾಡಬೇಕಾದ ಕೆಲಸವು, ನೀರಿನ ಮೇಲ್ಮೈ ಕರ್ಷಣವನ್ನು ‘ಒಂದು ಕೂಡಿಸು ಸ್ಪರ್ಶಕೋನದ ಕೊಸೈನ್’ ಎಂಬುದರಿಂದ ಗುಣಿಸಿದಷ್ಟಾಗುತ್ತದೆ. ಕೋನ ಶೂನ್ಯವಾದರೆ ಗುಣಕ 2. ಕೋನ 90 ಡಿಗ್ರಿಯಾದರೆ 1. 120 ಡಿಗ್ರಿಯಾದರೆ ಅರ್ಧ. ನುಣುಪಾದ ಮೇಲ್ಮೈಗಳಲ್ಲಿ ಈ ಕೋನ ಸುಮಾರು 120 ಡಿಗ್ರಿಯನ್ನು ಮೀರುವುದಿಲ್ಲ. ಆದುದರಿಂದ ಈ ದಾರಿಯಿಂದ ಹಿಡಿತವನ್ನು ಸುಮಾರು ನಾಲ್ಕನೆಯ ಒಂದು ಪಾಲಿಗೆ ಇಳಿಸಬಹುದೇ ಹೊರತು ಅದಕ್ಕಿಂತ ಬಹಳ ಕೆಳಗೆ ಇಳಿಸಲಾಗದು.

2010ರಲ್ಲಿ ಅಮೆರಿಕದ ಮೆಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರೂ ಅವರ ಸಂಗಡಿಗರೂ ಪ್ರಕಟಿಸಿದ ಪ್ರಯೋಗ ಈ ಲೆಕ್ಕವನ್ನು ಸಮರ್ಥಿಸಿತು. ಅವರು 22 ಬಗೆಯ ನುಣುಪಾದ ಮೇಲ್ಮೈಗಳನ್ನು ಒಂದೇ ಉಪಕರಣದಲ್ಲಿ, ಶೂನ್ಯಕ್ಕಿಂತ 10 ಡಿಗ್ರಿ ಕೆಳಗೆ ಪರೀಕ್ಷಿಸಿದರು. ಬರಿಯ ಉಕ್ಕಿನ ಮೇಲೆ ದೊರೆತ ಸರಾಸರಿ 698 ಕಿಲೋಪಾಸ್ಕಲ್. ಅತ್ಯುತ್ತಮ ಲೇಪದ ಮೇಲೆ 165. ನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚಿನ ಅಂತರವಿದು. ಹನಿ ಹಿಂಜರಿಯುವಾಗಿನ ಸ್ಪರ್ಶಕೋನವನ್ನು ತೆಗೆದುಕೊಂಡರೆ ಲೆಕ್ಕ ಚೆನ್ನಾಗಿ ಹೊಂದುತ್ತದೆಂದೂ ಅವರು ತೋರಿಸಿದರು.

ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ಉರುಳುವುದನ್ನು ಎಲ್ಲರೂ ನೋಡಿದ್ದಾರೆ. ಎಲೆಯ ಮೇಲಿನ ಸೂಕ್ಷ್ಮವಾದ ಉಬ್ಬುಗಳ ನಡುವೆ ಗಾಳಿ ನಿಂತಿರುವುದರಿಂದ ಹನಿಗೆ ಅಲ್ಲಿ ಸ್ಪರ್ಶಕೋನ ಇನ್ನೂ ಹೆಚ್ಚು. ಇಂಥ ಒರಟು ಲೇಪವನ್ನೇ ಲೋಹಕ್ಕೆ ಕೊಟ್ಟರೆ? ಈ ಆಸೆ ಪೂರ್ತಿಯಾಗಿ ಕೈಗೂಡಲಿಲ್ಲ. ತೇವಭರಿತ ಗಾಳಿಯಲ್ಲಿ ಆ ಉಬ್ಬುಗಳ ಸಂದಿನಲ್ಲಿಯೇ ಹಿಮಕಣಗಳು ಹುಟ್ಟುತ್ತವೆ. ಆಗ ಮಂಜುಗಡ್ಡೆ ಸಂದುಗಳೊಳಗೆ ಬೇರೂರಿದಂತಾಗಿ ಹಿಡಿತ ಹೆಚ್ಚಬಹುದು. ಹಲವು ಸಲ ಹೆಪ್ಪುಗಟ್ಟಿ ಕಿತ್ತಮೇಲೆ ಉಬ್ಬುಗಳೇ ಮುರಿಯುವುದೂ ಉಂಟು. ಒಂದೇ ಸಲ ಅಳೆದು ಲೇಪವನ್ನು ಹೊಗಳಬಾರದೆಂಬುದು ಇದರಿಂದ ದೊರೆಯುವ ಪಾಠ.

ಇನ್ನೊಂದು ದಾರಿಯೆಂದರೆ ಮೃದುವಾದ ರಬ್ಬರಿನಂಥ ಲೇಪ. ಬಲ ಬಿದ್ದಾಗ ರಬ್ಬರು ಬಾಗುತ್ತದೆ, ಮಂಜುಗಡ್ಡೆ ಬಾಗುವುದಿಲ್ಲ. ಎರಡರ ನಡುವೆ ಅಲ್ಲಲ್ಲಿ ಬಿರುಕು ತೆರೆದುಕೊಳ್ಳುತ್ತದೆ. 2016ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಂಥ ಲೇಪಗಳಿಂದ ಅಂಟುಬಲವನ್ನು 20 ಕಿಲೋಪಾಸ್ಕಲಿಗಿಂತಲೂ ಕೆಳಕ್ಕೆ ಇಳಿಸಿರುವುದಾಗಿ ಪ್ರಕಟಿಸಿದರು.

ದೋಸೆಯಿಂದ ಕಲಿಯಬಹುದಾದ ಪಾಠ

ಇದುವರೆಗೆ ನಾವು ಬಲವನ್ನು ಕ್ಷೇತ್ರಫಲದಿಂದ ಭಾಗಿಸುತ್ತ ಬಂದೆವು. ಕ್ಷೇತ್ರಫಲ ಇಮ್ಮಡಿಯಾದರೆ ಬಲವೂ ಇಮ್ಮಡಿ ಬೇಕೆಂಬ ಊಹೆ ಇದರಲ್ಲಿ ಅಡಗಿದೆ. ಈ ಊಹೆ ಯಾವಾಗಲೂ ಸರಿಯೆ?

ಕಾವಲಿಗೆ ಹಿಡಿದ ದೋಸೆಯನ್ನು ಏಳಿಸುವವರು ಇಡೀ ದೋಸೆಯನ್ನು ಒಮ್ಮೆಗೇ ಕೀಳಲು ಹೋಗುವುದಿಲ್ಲ. ಸಟ್ಟುಗವನ್ನು ಅಂಚಿನಡಿಗೆ ತೂರಿಸುತ್ತಾರೆ. ಅಂಚು ಒಂದು ಸಲ ಬಿಟ್ಟಿತೆಂದರೆ ಬಿಡುವ ಗೆರೆ ತಾನೇ ಮುಂದುವರಿಯುತ್ತದೆ. ದೋಸೆ ದೊಡ್ಡದಾದಷ್ಟೂ ಕೈಯ ಬಲ ಹೆಚ್ಚಬೇಕಾಗಿಲ್ಲ. ಮಂಜುಗಡ್ಡೆಯಲ್ಲಿಯೂ ಹೀಗಾಗಬಹುದು. 2019ರಲ್ಲಿ ಅದೇ ಮಿಷಿಗನ್ ವಿಶ್ವವಿದ್ಯಾನಿಲಯದ ತಂಡ ಇದನ್ನು ಅಳೆದು ತೋರಿಸಿತು. ಮಂಜುಗಡ್ಡೆಯ ತುಂಡು ಚಿಕ್ಕದಾಗಿರುವವರೆಗೆ ಅದನ್ನು ತಳ್ಳಲು ಬೇಕಾದ ಬಲ ಉದ್ದದೊಡನೆ ಬೆಳೆಯುತ್ತದೆ. ಒಂದು ನಿರ್ದಿಷ್ಟ ಉದ್ದವನ್ನು ಮೀರಿದ ಮೇಲೆ ಬಲ ಬೆಳೆಯುವುದೇ ಇಲ್ಲ. ಅಲ್ಲಿ ಮುಖ್ಯವಾದುದು ಅಂಟುಬಲವಲ್ಲ. ಬಿರುಕು ಮುಂದುವರಿಯಲು ಎಷ್ಟು ಶಕ್ತಿ ಬೇಕೆಂಬುದು.

ಇದರಿಂದ ಒದಗುವ ತೀರ್ಮಾನ ಸ್ವಾರಸ್ಯಕರವಾದುದು. ಉಗುರಿನಗಲದ ತುಂಡಿನ ಮೇಲೆ ಅಳೆದಾಗ ಮೊದಲ ಸ್ಥಾನ ಪಡೆದ ಲೇಪ, ಮಾರುದ್ದದ ರೆಕ್ಕೆಯ ಮೇಲೆ ಎರಡನೆಯದಾಗಬಹುದು. ಚಿಕ್ಕ ತುಂಡಿನ ಸಂಖ್ಯೆಯನ್ನು ದೊಡ್ಡ ರೆಕ್ಕೆಯ ಕ್ಷೇತ್ರಫಲದಿಂದ ಗುಣಿಸಿಬಿಟ್ಟರೆ ಬರುವ ಉತ್ತರ ತಪ್ಪಾಗುತ್ತದೆ.

ಸಂಖ್ಯೆಗಳು ಏಕೆ ಹೊಂದುವುದಿಲ್ಲ?

ಒಂದೇ ಲೋಹಕ್ಕೆ ಬೇರೆಬೇರೆ ಪ್ರಯೋಗಾಲಯಗಳು ಕೊಟ್ಟ ಅಂಟುಬಲದ ಬೆಲೆಗಳಲ್ಲಿ ಹತ್ತು ಪಟ್ಟಿನ ಅಂತರವೂ ಕಂಡುಬರುವುದುಂಟು. ಈವರೆಗೆ ಹೇಳಿದುದನ್ನು ಗಮನಿಸಿದವರಿಗೆ ಇದು ಆಶ್ಚರ್ಯವೆನಿಸಲಾರದು. ಹಲಗೆಯ ಶುದ್ಧತೆ, ಒರಟುತನ, ಉಷ್ಣತೆ, ತಳ್ಳುವ ಎತ್ತರ, ತಳ್ಳುವ ವೇಗ, ತುಂಡಿನ ಅಳತೆ, ಇವೆಲ್ಲವೂ ಉತ್ತರವನ್ನು ಬದಲಿಸುತ್ತವೆ. ಮಂಜುಗಡ್ಡೆಯಲ್ಲಿಯೂ ಬಗೆಗಳಿವೆ. ಅಚ್ಚಿನಲ್ಲಿ ನಿಧಾನವಾಗಿ ಹೆಪ್ಪುಗಟ್ಟಿದುದು ಒಂದು ಬಗೆ. ಮೋಡದೊಳಗಿನ ಅತಿಶೀತಲ ಹನಿಗಳು ರೆಕ್ಕೆಗೆ ಬಡಿದು ಹುಟ್ಟುವುದು ಇನ್ನೊಂದು ಬಗೆ. ಇದಲ್ಲದೆ, ತಣ್ಣಗಾದಾಗ ಮಂಜುಗಡ್ಡೆ ಅಲ್ಯೂಮಿನಿಯಮ್ಮಿನ ಎರಡರಷ್ಟೂ ಉಕ್ಕಿನ ನಾಲ್ಕರಷ್ಟೂ ಸಂಕುಚಿಸುತ್ತದೆ. ಆದುದರಿಂದ ನಾವು ಮುಟ್ಟುವುದಕ್ಕೆ ಮೊದಲೇ ಅಂಟಿನಲ್ಲಿ ಬಿಗಿತ ಉಂಟಾಗಿರುತ್ತದೆ.

ಹಾಗಾದರೆ ಅಳತೆಯೇ ವ್ಯರ್ಥವೆ? ಅಲ್ಲ. ಇದಕ್ಕೆ ಪ್ರಯೋಗಶೀಲರು ಕಂಡುಕೊಂಡ ಉಪಾಯ ಸರಳವಾದುದು. ಲೇಪವಿರುವ ಹಲಗೆಯ ಜೊತೆಗೆ, ಅದೇ ದಿನ, ಅದೇ ನೀರಿನಿಂದ, ಅದೇ ಉಪಕರಣದಲ್ಲಿ ಬರಿಯ ಹಲಗೆಯನ್ನೂ ಪರೀಕ್ಷಿಸುವುದು. ಎರಡು ಸಂಖ್ಯೆಗಳ ನಿಷ್ಪತ್ತಿಯನ್ನು ತೆಗೆದುಕೊಂಡರೆ ಎರಡಕ್ಕೂ ಸಮಾನವಾದ ದೋಷಗಳು ಬಹುಮಟ್ಟಿಗೆ ಕಳೆದುಹೋಗುತ್ತವೆ. ತಿರುಗಿಸುವ ವಿಧಾನದಲ್ಲಿ ಫಲಿತಾಂಶವನ್ನು ಹೀಗೆಯೇ, ಬರಿಯ ಅಲ್ಯೂಮಿನಿಯಮ್ಮಿಗಿಂತ ಎಷ್ಟು ಪಟ್ಟು ಕಡಿಮೆ ಎಂದು ಹೇಳುವ ವಾಡಿಕೆಯಿದೆ.

ನೀವೇ ಮಾಡಿ ನೋಡಿ

ಮನೆಯಲ್ಲಿ ಫ್ರಿಜ್ ಇರುವವರು ಈ ಪ್ರಯೋಗವನ್ನು ಸಣ್ಣ ಪ್ರಮಾಣದಲ್ಲಿ ಮಾಡಬಹುದು. ದಪ್ಪನೆಯ ಉಕ್ಕಿನ ಹಲಗೆಯೊಂದನ್ನು ಸೋಪಿನಿಂದ ತೊಳೆದು ಒಣಗಿಸಿ. ಒಳವ್ಯಾಸ 1 ಸೆಂಟಿಮೀಟರ್ ಇರುವ ಪ್ಲಾಸ್ಟಿಕ್ ಕೊಳವೆಯಿಂದ 2 ಸೆಂಟಿಮೀಟರ್ ಎತ್ತರದ ತುಂಡುಗಳನ್ನು ಕತ್ತರಿಸಿ, ಹಲಗೆಯ ಮೇಲೆ ನಿಲ್ಲಿಸಿ. ಹಲಗೆ ಚೆನ್ನಾಗಿ ತಣ್ಣಗಾದ ಮೇಲೆ ಮೊದಲು ಎರಡು ಮೂರು ಹನಿ ನೀರು ಹಾಕಿ. ಅದು ಹೆಪ್ಪುಗಟ್ಟಿ ತಳದ ಸಂದನ್ನು ಮುಚ್ಚುತ್ತದೆ. ಆಮೇಲೆ ಕೊಳವೆಯನ್ನು ತುಂಬಿ ಒಂದು ರಾತ್ರಿ ಬಿಡಿ. ಮರುದಿನ ಹಲಗೆಯನ್ನು ಮೇಜಿಗೆ ಭದ್ರವಾಗಿ ಬಿಗಿದು, ಕೊಳವೆಯ ಬುಡಕ್ಕೆ ದಾರ ಸುತ್ತಿ, 10 ಕಿಲೋಗ್ರಾಂವರೆಗೆ ತೂಗುವ ಸ್ಪ್ರಿಂಗ್ ತಕ್ಕಡಿಯಿಂದ ಹಲಗೆಗೆ ಸಮಾಂತರವಾಗಿ ನಿಧಾನವಾಗಿ ಎಳೆಯಿರಿ. ಬಿಟ್ಟುಕೊಂಡಾಗಿನ ತೂಕವನ್ನು ಬರೆದುಕೊಳ್ಳಿ. ಕೆಲಸ ಬೇಗ ಮುಗಿಯಬೇಕು. ತಡವಾದರೆ ತಳದ ಮಂಜುಗಡ್ಡೆ ಕರಗತೊಡಗುತ್ತದೆ. ಒದ್ದೆಬೆರಳಿನಿಂದ ತಣ್ಣನೆಯ ಲೋಹವನ್ನು ಮುಟ್ಟಬೇಡಿ. ತುಂಡು ಸಿಡಿಯಬಹುದಾದ್ದರಿಂದ ಕಣ್ಣಿಗೆ ಕನ್ನಡಕವಿರಲಿ.

ಇದೇ ಪ್ರಯೋಗವನ್ನು ಕೊಬ್ಬರಿ ಎಣ್ಣೆ ಸವರಿದ ಹಲಗೆಯ ಮೇಲೂ ಮೇಣ ತಿಕ್ಕಿದ ಹಲಗೆಯ ಮೇಲೂ ಮಾಡಿ. ಪ್ರತಿಯೊಂದನ್ನೂ ಹತ್ತು ಸಲ ಮಾಡಿದರೆ ಹತ್ತು ಬೇರೆಬೇರೆ ಸಂಖ್ಯೆಗಳು ಬರುತ್ತವೆ. ಅದರಿಂದ ನಿರಾಶರಾಗಬೇಕಾಗಿಲ್ಲ. ಮುರಿಯುವಿಕೆ ಯಾವುದೋ ಒಂದು ಕಣ್ಣಿಗೆ ಕಾಣದ ಬಿರುಕಿನಿಂದ ಆರಂಭವಾಗುವುದರಿಂದ ಸಂಖ್ಯೆಗಳು ಚದರುವುದು ಸ್ವಾಭಾವಿಕ. ಮೇಲೆ ಹೇಳಿದ 698 ಕಿಲೋಪಾಸ್ಕಲಿನ ಜೊತೆಗೂ, ಅತ್ತ ಇತ್ತ 112ರಷ್ಟು ಚದರಿಕೆಯನ್ನು ಆ ಸಂಶೋಧಕರು ಬರೆದಿದ್ದಾರೆ. ಸರಾಸರಿಯನ್ನೂ ಚದರಿಕೆಯನ್ನೂ ಜೊತೆಯಾಗಿ ಬರೆಯಿರಿ. ಮುರಿದ ಜಾಗವನ್ನು ಭೂತಗನ್ನಡಿಯಿಂದ ನೋಡಿ, ಕಂಡದ್ದನ್ನೂ ಬರೆಯಿರಿ.

ಇನ್ನು ಮುಂದೆ ಯಾವುದಾದರೊಂದು ಲೇಪ ‘ಮಂಜುಗಡ್ಡೆಯ ಹಿಡಿತವನ್ನು ನೂರು ಪಟ್ಟು ತಗ್ಗಿಸುತ್ತದೆ’ ಎಂದು ಓದಿದಾಗ ವಿದ್ಯಾರ್ಥಿಗಳು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಯಾವುದಕ್ಕಿಂತ ನೂರು ಪಟ್ಟು? ಎಷ್ಟು ದೊಡ್ಡ ತುಂಡಿನ ಮೇಲೆ? ಎಷ್ಟನೆಯ ಸಲ ಹೆಪ್ಪುಗಟ್ಟಿಸಿದಾಗ? ಮುರಿದದ್ದು ಅಂಟೋ, ಮಂಜುಗಡ್ಡೆಯೋ? ಇವಕ್ಕೆ ಉತ್ತರವಿಲ್ಲದ ಸಂಖ್ಯೆಯನ್ನು ನಂಬಿ ವಿಮಾನದ ರೆಕ್ಕೆಗೆ ಲೇಪ ಬಳಿಯುವಂತಿಲ್ಲ. ಆ ವಿಮಾನದಲ್ಲಿ ಜನ ಕುಳಿತಿರುತ್ತಾರೆ.